‘ಟು’ ಎಂಬ ಎರಡಕ್ಷರ: ಇಂಗ್ಲಿಷ್ ಹೆಡ್ಡಿಂಗು ಪದಗಳನ್ನು ನುಂಗಿದ ಕಥೆ

ನಾವು ಪತ್ರಿಕೋದ್ಯಮ ಓದುತ್ತಿದ್ದ ಕಾಲದ ಮಾತು. ನಮ್ಮ ಗುಂಪಿನವನೊಬ್ಬ ರಜೆಗೆ ಊರಿಗೆ ಹೋಗಿದ್ದ. ಪಕ್ಕದ ಮನೆಯ ದೊಡ್ಡಪ್ಪ ಪೇಟೆಯಿಂದ ಒಂದು ಇಂಗ್ಲಿಷ್ ಪೇಪರ್ ಹಿಡಿದು ಬಂದರು. “ಸಾಲದ್ದು ಏನೋ ಬಂದೈತಂತೆ, ಓದಿ ಹೇಳಪ್ಪ” ಎಂದರು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿತ್ತು: ‘ಗವರ್ನಮೆಂಟ್ ಟು ವೇವ್ ಫಾರ್ಮ್ ಲೋನ್ಸ್’. ನಮ್ಮವನು ಹೆಮ್ಮೆಯಿಂದಲೇ ಹೇಳಿದ: “ಸರ್ಕಾರ ಬೆಳೆಸಾಲ ಮನ್ನಾ ಮಾಡೈತೆ ದೊಡ್ಡಪ್ಪ.”

ದೊಡ್ಡಪ್ಪ ಸೊಸೈಟಿಗೆ ಕಟ್ಟಲೆಂದು ಹೊಂದಿಸಿಟ್ಟಿದ್ದ ದುಡ್ಡನ್ನು ಬೋರ್‌ವೆಲ್ ಮೋಟರ್ ರಿಪೇರಿಗೆ ಹಾಕಿಬಿಟ್ಟರು. ಸಾಲ ಕಟ್ಟುವ ಕೊನೇ ದಿನ ದಾಟಿತು. ಮನ್ನಾ ಆದೇಶ ಮಾತ್ರ ಬಂದಿರಲಿಲ್ಲ. ಬೆಳೆಸಾಲವನ್ನು ಹೇಳಿದ ದಿನದೊಳಗೆ ಕಟ್ಟಿದರೆ ಬಡ್ಡಿ ಇಲ್ಲ, ತಪ್ಪಿದರೆ ಬಡ್ಡಿ ಬೀಳುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಬಡ್ಡಿ ಕಟ್ಟಿ ಬಂದ ದಿನ ದೊಡ್ಡಪ್ಪ ಬೈಯಲಿಲ್ಲ. “ನೀನು ಓದಿದ್ದು ಸರಿ ಐತಾ ಅಂತ ಆವತ್ತೇ ಕೇಳಬೇಕಿತ್ತು” ಎಂದಷ್ಟೇ ಹೇಳಿದರು. ಬೈದಿದ್ದರೇ ಚೆನ್ನಾಗಿತ್ತು.

ಪೇಪರಿನಲ್ಲಿ ತಪ್ಪಿರಲಿಲ್ಲ. ತಪ್ಪು ನಮ್ಮದು. ಇಂಗ್ಲಿಷ್ ಹೆಡ್ಡಿಂಗಿನಲ್ಲಿ ಕ್ರಿಯಾಪದದ ಮುಂದೆ ‘ಟು’ ಇದ್ದರೆ ಆ ಕೆಲಸ ಇನ್ನೂ ಆಗಿಲ್ಲ, ಮುಂದೆ ಆಗಲಿದೆ ಎಂದರ್ಥ. ಪೂರ್ತಿ ವಾಕ್ಯ ‘ದಿ ಗವರ್ನಮೆಂಟ್ ಈಸ್ ಟು ವೇವ್ ಫಾರ್ಮ್ ಲೋನ್ಸ್’ ಎಂದಿರಬೇಕು. ‘ದಿ’ ಹೋಯಿತು, ‘ಈಸ್’ ಹೋಯಿತು, ಉಳಿದದ್ದು ‘ಟು’ ಮಾತ್ರ. ಇಂಗ್ಲಿಷಿನಲ್ಲಿ ಎರಡೇ ಅಕ್ಷರದ ಆ ಪದವನ್ನು ನಮ್ಮವನು ಹಾರಿಸಿ ಓದಿದ್ದ.

“ಇಂಗ್ಲಿಷ್ ಬರಬೇಕಾದರೆ ದಿನಾ ಇಂಗ್ಲಿಷ್ ಪೇಪರ್ ಓದಿ” ಎಂದು ಕನ್ನಡ ಮಾಧ್ಯಮದ ನಮಗೆ ಹೇಳದ ಮೇಷ್ಟರಿಲ್ಲ. ಆದರೆ ಪೇಪರಿನ ತಲೆಬರಹಕ್ಕೆ ಬೇರೆಯದೇ ವ್ಯಾಕರಣ ಇದೆ ಎಂದು ಯಾರೂ ಹೇಳಿರಲಿಲ್ಲ. ಅದನ್ನೇ ನಂಬಿ ಪರೀಕ್ಷೆಯಲ್ಲಿ ‘ಫಾದರ್ ಹಾಸ್ಪಿಟಲೈಸ್ಡ್, ಲೀವ್ ನೀಡೆಡ್’ ಎಂದು ರಜಾ ಚೀಟಿ ಬರೆದು ಅಂಕ ಕಳೆದುಕೊಂಡವರು ನಮ್ಮಲ್ಲೇ ಇದ್ದಾರೆ. ಈ ವಿಚಿತ್ರ ವ್ಯಾಕರಣ ಎಲ್ಲಿಂದ ಬಂತು? ಹುಡುಕಿಕೊಂಡು ಹೋದಾಗ ಸಿಕ್ಕ ಕಥೆ ಇದು.

ಹೆಡ್ಡಿಂಗೇ ಇಲ್ಲದ ಕಾಲ

ಮೊದಮೊದಲು ಪತ್ರಿಕೆಗಳಿಗೆ ಇವತ್ತಿನಂಥ ಹೆಡ್ಡಿಂಗೇ ಇರಲಿಲ್ಲ. ಊರಿನ ಹೆಸರು, ತಾರೀಖು, ಆಮೇಲೆ ನೇರ ಸುದ್ದಿ.

ಒಂದು ದೊಡ್ಡ ಸುದ್ದಿಯನ್ನೇ ನೋಡಿ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್‌ನಲ್ಲಿ ಬ್ರಿಟಿಷ್ ನೌಕಾಪಡೆ ಗೆದ್ದಿತು, ಅದರ ನಾಯಕ ನೆಲ್ಸನ್ ಸತ್ತ. ಹಡಗಿನಲ್ಲಿ ಸುದ್ದಿ ಲಂಡನ್ ಮುಟ್ಟಿದ್ದು ನವೆಂಬರ್ 6ರಂದು. ಅಂದೇ ಸರ್ಕಾರಿ ಗೆಜೆಟ್ ವಿಶೇಷ ಸಂಚಿಕೆ ತಂದಿತು. ‘ಗೆದ್ದೆವು’ ಎಂದಾಗಲಿ, ‘ನೆಲ್ಸನ್ ಸಾವು’ ಎಂದಾಗಲಿ ಅದರಲ್ಲಿ ಕೂಗಿ ಹೇಳಿರಲಿಲ್ಲ. ನೌಕಾ ಕಚೇರಿಗೆ ಇಂಥವರಿಂದ ಪತ್ರ ಬಂದಿದೆ, ಅದರ ನಕಲು ಹೀಗಿದೆ ಎಂದು ಶುರುವಾಗುತ್ತಿತ್ತು. ಯಾರು ಗೆದ್ದರು, ಯಾರು ಸತ್ತರು ಎಂದು ತಿಳಿಯಲು ಪತ್ರವನ್ನು ಪೂರ್ತಿ ಓದಬೇಕಿತ್ತು.

ಇದಕ್ಕೆ ಕಾರಣವೂ ಇತ್ತು. ಇಂಗ್ಲೆಂಡಿನಲ್ಲಿ ಆಗ ಪತ್ರಿಕೆಯ ಮೇಲೆ ಸ್ಟ್ಯಾಂಪ್ ತೆರಿಗೆ, ಕಾಗದದ ಮೇಲೆ ಮತ್ತೊಂದು ತೆರಿಗೆ. ಸ್ಟ್ಯಾಂಪ್ ತೆರಿಗೆ ಹೋದದ್ದು 1855ರಲ್ಲಿ, ಕಾಗದದ್ದು 1861ರಲ್ಲಿ. ಹಾಳೆಗೇ ತೆರಿಗೆ ಕಟ್ಟುವವರು ದೊಡ್ಡ ಅಕ್ಷರ ಹಾಕಿ ಜಾಗ ಹಾಳು ಮಾಡುತ್ತಾರೆಯೇ? ಗದ್ದೆಯಲ್ಲಿ ಬದುವನ್ನೂ ಬಿಡದೆ ಬಿತ್ತಿದ ಹಾಗೆ ಪುಟವನ್ನು ತುಂಬುತ್ತಿದ್ದರು. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಂತೂ ಮುಖಪುಟದಲ್ಲಿ ಸುದ್ದಿಯ ಬದಲು ಜಾಹೀರಾತುಗಳನ್ನೇ ಹಾಕುತ್ತಿತ್ತು. ಆ ಪದ್ಧತಿ ಬಿಟ್ಟದ್ದು 1966ರ ಮೇ ತಿಂಗಳಲ್ಲಿ.

ನಮ್ಮ ದೇಶದ ಮೊದಲ ಪತ್ರಿಕೆ, ಹಿಕ್ಕಿಯ ‘ಬೆಂಗಾಲ್ ಗೆಜೆಟ್’, ಕಲ್ಕತ್ತೆಯಲ್ಲಿ 1780ರ ಜನವರಿ 29ರಂದು ಶುರುವಾಯಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಅದನ್ನು ತಂದವರು ಜರ್ಮನಿಯಿಂದ ಬಂದಿದ್ದ ಹರ್ಮನ್ ಮೋಗ್ಲಿಂಗ್. ಅಚ್ಚುಮೊಳೆಯ ಬದಲು ಕಲ್ಲಚ್ಚಿನಲ್ಲಿ ಮಾಡಿದ ಪತ್ರಿಕೆ ಅದು. ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸುವುದು ಇದೇ ಕಾರಣಕ್ಕೆ.

ತಂತಿಯ ಜಿಪುಣತನ

ಮೋಗ್ಲಿಂಗರ ಪತ್ರಿಕೆ ಬಂದ ಮರುವರ್ಷ, 1844ರ ಮೇ 24ರಂದು, ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಸಂದೇಶ ಕಳಿಸಿ ತೋರಿಸಿದ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ತಂತಿ ಸೇವೆ ತೆರೆದದ್ದು 1855ರಲ್ಲಿ. ಅದು ಮುಚ್ಚಿದ್ದು 2013ರ ಜುಲೈನಲ್ಲಿ. ಅಂದರೆ 158 ವರ್ಷ.

ತಂತಿ ಬಂತೆಂದರೆ ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು ಎಂದು ನಮ್ಮ ಅಜ್ಜಿಯರು ಹೇಳುತ್ತಾರೆ. ಅದರಲ್ಲಿ ಇರುತ್ತಿದ್ದದ್ದು ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ’ ಎಂಬ ನಾಲ್ಕು ಪದ. ‘ನಿಮ್ಮ ತಂದೆಯವರ ಆರೋಗ್ಯ ತುಂಬಾ ಹದಗೆಟ್ಟಿದೆ, ದಯವಿಟ್ಟು ಕೂಡಲೇ ಹೊರಟು ಬನ್ನಿ’ ಎಂದು ಬರೆಸಲು ಯಾರಿಗೂ ಆಗುತ್ತಿರಲಿಲ್ಲ. ಏಕೆಂದರೆ ಪದದ ಲೆಕ್ಕದಲ್ಲಿ ದುಡ್ಡು. ‘ನಿಮ್ಮ’ ಎಂಬುದಕ್ಕೂ ದುಡ್ಡು, ‘ದಯವಿಟ್ಟು’ ಎಂಬುದಕ್ಕೂ ದುಡ್ಡು.

ಪತ್ರಿಕೆಯವರಿಗೂ ಇದೇ ಪಾಡು. 1851ರಲ್ಲಿ ಲಂಡನ್ನಿನಲ್ಲಿ ರಾಯಿಟರ್ಸ್ ಸಂಸ್ಥೆ ಶುರುವಾಯಿತು. 1866ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಕಿದ ಕೇಬಲ್ ನಿಂತು ಕೆಲಸ ಮಾಡತೊಡಗಿತು. ದೂರದ ವರದಿಗಾರರು ಸಣ್ಣ ಪದಗಳನ್ನೆಲ್ಲ ಕಿತ್ತುಹಾಕಿ, ಸಾಧ್ಯವಾದರೆ ಎರಡು ಪದಗಳನ್ನು ಅಂಟಿಸಿ ಒಂದು ಮಾಡಿ ಕಳಿಸುತ್ತಿದ್ದರು. ಈ ಭಾಷೆಗೆ ‘ಕೇಬಲೀಸ್’ ಎಂದೇ ಹೆಸರು ಬಿತ್ತು. ಪತ್ರಿಕಾ ಕಚೇರಿಯಲ್ಲಿ ಕೂತವರು ಆ ಎಲುಬಿಗೆ ಮಾಂಸ ತುಂಬಿ ವಾಕ್ಯ ಮಾಡುತ್ತಿದ್ದರು. ಯಾವ ಪದ ತೆಗೆದರೂ ಅರ್ಥ ಉಳಿಯುತ್ತದೆ, ಯಾವುದು ತೆಗೆದರೆ ಅರ್ಥವೇ ಹೋಗುತ್ತದೆ ಎಂಬ ಲೆಕ್ಕಾಚಾರ ಅವರಿಗೆ ದಿನನಿತ್ಯದ ಕೆಲಸವಾಯಿತು.

ಕಾಲಮ್ಮು ಎಂಬ ಕಿರಿದಾದ ಓಣಿ

ಆದರೆ ಹೆಡ್ಡಿಂಗಿಗೆ ಪದಕ್ಕಿಷ್ಟು ಎಂದು ದುಡ್ಡು ಕೊಡಬೇಕಿರಲಿಲ್ಲ. ಅಲ್ಲಿದ್ದದ್ದು ಜಾಗದ ಕಷ್ಟ.

1840ರ ದಶಕದಲ್ಲಿ ಅಮೆರಿಕದ ರಿಚರ್ಡ್ ಹೋ ಎಂಬಾತ ಸಿಲಿಂಡರಿನ ಮುದ್ರಣ ಯಂತ್ರ ಮಾಡಿದ. ಮೊಳೆಗಳನ್ನು ಉರುಳುವ ಸಿಲಿಂಡರಿಗೇ ಬಿಗಿಯುತ್ತಿದ್ದರು. ಅದು ವೇಗವಾಗಿ ಸುತ್ತುವಾಗ ಮೊಳೆಗಳು ಸಿಡಿದು ಹೋಗಬಾರದಲ್ಲ? ಅದಕ್ಕಾಗಿ ಕಾಲಮ್ಮುಗಳ ನಡುವೆ ಲೋಹದ ಪಟ್ಟಿಗಳನ್ನು ಬಿಗಿಯಾಗಿ ಕೂರಿಸುತ್ತಿದ್ದರು. ಆ ಪಟ್ಟಿಯನ್ನು ದಾಟಿ ಅಕ್ಷರ ಹೋಗುವ ಹಾಗಿರಲಿಲ್ಲ. ಎಷ್ಟು ದೊಡ್ಡ ಸುದ್ದಿಯಾದರೂ ಹೆಡ್ಡಿಂಗು ಒಂದೇ ಕಾಲಮ್ಮಿನ ಅಗಲದಲ್ಲಿ ಇರಬೇಕು. ಎತ್ತಿನಗಾಡಿ ಹೋಗುವಷ್ಟೇ ಅಗಲದ ಓಣಿಯಲ್ಲಿ ತೇರು ಎಳೆದ ಹಾಗೆ.

ಅಡ್ಡಕ್ಕೆ ಹೋಗಲಾಗದಿದ್ದರೆ ಉದ್ದಕ್ಕೆ ಹೋಗಬೇಕು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಒಂದರ ಕೆಳಗೊಂದು ಹತ್ತಾರು ಹೆಡ್ಡಿಂಗುಗಳನ್ನು ಮೆಟ್ಟಿಲಿನಂತೆ ಜೋಡಿಸುವ ರೂಢಿ ಬೆಳೆಯಿತು. ಒಂದೊಂದು ಮೆಟ್ಟಿಲೂ ಕಿರಿದು. ಹಾಗಾಗಿ ಒಂದೊಂದು ಪದವೂ ಭಾರ.

ಅಕ್ಷರ ಎಣಿಸುವ ಈ ಕೆಲಸವನ್ನು ನಾವೂ ತರಗತಿಯಲ್ಲಿ ಕಲಿತೆವು. ಇಂಗ್ಲಿಷಿನಲ್ಲಿ ಸಾಮಾನ್ಯ ಅಕ್ಷರಕ್ಕೆ ಒಂದು, ‘ಎಂ’ ಮತ್ತು ‘ಡಬ್ಲ್ಯು’ಗೆ ಒಂದೂವರೆ, ‘ಐ’ ಮತ್ತು ‘ಎಲ್’ಗೆ ಅರ್ಧ. ಕೂಡಿಸಿ ನೋಡಿದಾಗ ಲೆಕ್ಕ ಮೀರಿದರೆ ಯಾವುದಾದರೂ ಪದವನ್ನು ಬಿಡಲೇಬೇಕು. ಎಲ್ಲಕ್ಕಿಂತ ಮೊದಲು ಹೋಗುವುದು ಬಡಪಾಯಿ ‘ದಿ’.

ಲಿಂಕನ್‌ನಿಂದ ಟೈಟಾನಿಕ್‌ವರೆಗೆ

ಪದಗಳು ಒಂದೇ ದಿನ ಬಿದ್ದುಹೋಗಲಿಲ್ಲ. ಎರಡು ಹಳೆಯ ಪುಟಗಳನ್ನು ಪಕ್ಕಪಕ್ಕ ಇಟ್ಟರೆ ಅದು ಕಾಣುತ್ತದೆ. ಎರಡೂ ‘ನ್ಯೂಯಾರ್ಕ್ ಟೈಮ್ಸ್’ನವೇ.

ಮೊದಲನೆಯದು 1865ರ ಏಪ್ರಿಲ್ 15ರದು. ಹಿಂದಿನ ರಾತ್ರಿ ನಾಟಕ ನೋಡುತ್ತಿದ್ದ ಅಧ್ಯಕ್ಷ ಲಿಂಕನ್‌ಗೆ ಗುಂಡು ಹೊಡೆದಿದ್ದರು. ಮೇಲಿನ ಸಾಲು ‘ಆಫುಲ್ ಇವೆಂಟ್’, ಅಂದರೆ ಘೋರ ಘಟನೆ. ಅದು ಬರೀ ಹಣೆಪಟ್ಟಿ, ಸುದ್ದಿ ಏನೆಂದು ಹೇಳುವುದಿಲ್ಲ. ಕೆಳಗಿನ ಸಾಲು: ‘ಪ್ರೆಸಿಡೆಂಟ್ ಲಿಂಕನ್ ಶಾಟ್ ಬೈ ಆ್ಯನ್ ಅಸಾಸಿನ್’. ಇಲ್ಲಿ ‘ವಾಸ್’ ಇಲ್ಲ. ‘ವಾಸ್ ಶಾಟ್’ ಎಂದಿದ್ದರೆ ಗುಂಡೇಟು ತಿಂದ ಎಂಬುದು ಸ್ಪಷ್ಟ. ಆದರೆ ‘ಆ್ಯನ್’ ಇನ್ನೂ ಉಳಿದಿದೆ ನೋಡಿ. ಇನ್ನಷ್ಟು ಕೆಳಗೆ, ಕೊನೆಯ ಸುದ್ದಿ ಬಂದಾಗ ಅಧ್ಯಕ್ಷರು ಇನ್ನೂ ಬದುಕಿದ್ದರು ಎಂಬ ಸಾಲೂ ಇತ್ತು. ಅದೇ ಬೆಳಿಗ್ಗೆ ಅವರು ತೀರಿಕೊಂಡರು.

ಎರಡನೆಯದು 1912ರ ಏಪ್ರಿಲ್ 16ರದು. ‘ಟೈಟಾನಿಕ್ ಸಿಂಕ್ಸ್ ಫೋರ್ ಅವರ್ಸ್ ಆಫ್ಟರ್ ಹಿಟಿಂಗ್ ಐಸ್‌ಬರ್ಗ್’. ಹಡಗಿನ ಹಿಂದೆ ‘ದಿ’ ಇಲ್ಲ, ಐಸ್‌ಬರ್ಗ್ ಹಿಂದೆ ‘ಆ್ಯನ್’ ಇಲ್ಲ. ಮುಂದಿನ ಸಾಲಿನಲ್ಲಿ ‘866 ರೆಸ್ಕ್ಯೂಡ್’. ‘ವರ್’ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಡಗು ಮುಳುಗಿ ಒಂದು ದಿನ ಕಳೆದಿದ್ದರೂ ‘ಸ್ಯಾಂಕ್’ ಅಂದಿಲ್ಲ, ‘ಸಿಂಕ್ಸ್’ ಅಂದಿದೆ. ಮುಳುಗಿತು ಅಲ್ಲ, ಮುಳುಗುತ್ತದೆ. ಓದುವವನ ಕಣ್ಣೆದುರೇ ಹಡಗು ಮುಳುಗುತ್ತಿರುವ ಹಾಗೆ.

ಈ 47 ವರ್ಷದ ಅಂತರದಲ್ಲಿ ಇಂಗ್ಲಿಷ್ ಹೆಡ್ಡಿಂಗಿನ ವ್ಯಾಕರಣ ಹೆಚ್ಚುಕಡಿಮೆ ಇವತ್ತಿನ ರೂಪಕ್ಕೆ ಬಂದಿತ್ತು. ಅದನ್ನು ಹೀಗೆ ನೆನಪಿಟ್ಟುಕೊಳ್ಳಬಹುದು:

‘ಎ’, ‘ಆ್ಯನ್’, ‘ದಿ’ ಇರುವುದಿಲ್ಲ.
‘ಈಸ್’, ‘ಆರ್’, ‘ವಾಸ್’, ‘ವರ್’ ಇರುವುದಿಲ್ಲ.
ಆಗಿಹೋದದ್ದನ್ನು ವರ್ತಮಾನದಲ್ಲಿ ಹೇಳುತ್ತಾರೆ.
ಆಗಬೇಕಿರುವುದನ್ನು ‘ಟು’ ಹಾಕಿ ಹೇಳುತ್ತಾರೆ.
‘ಆ್ಯಂಡ್’ ಬದಲು ಅಲ್ಪವಿರಾಮ, ‘ಹೇಳಿದರು’ ಎಂಬುದರ ಬದಲು ಎರಡು ಚುಕ್ಕಿ.

ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳೂ ಇದನ್ನೇ ಕಲಿತವು. 1947ರ ಆಗಸ್ಟ್ 15ರ ‘ಹಿಂದೂಸ್ತಾನ್ ಟೈಮ್ಸ್’ನ ಹೆಡ್ಡಿಂಗು: ‘ಇಂಡಿಯಾ ಇಂಡಿಪೆಂಡೆಂಟ್: ಬ್ರಿಟಿಷ್ ರೂಲ್ ಎಂಡ್ಸ್’. ‘ಈಸ್’ ಇಲ್ಲ. ‘ಎಂಡೆಡ್’ ಅಲ್ಲ, ‘ಎಂಡ್ಸ್’. ಸುಮಾರು ಇನ್ನೂರು ವರ್ಷದ ಆಳ್ವಿಕೆ ಮುಗಿದದ್ದನ್ನು ಐದು ಪದದಲ್ಲಿ ಹೇಳಿ ಮುಗಿಸಿದರು.

1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ‘ನ್ಯೂಯಾರ್ಕ್ ಟೈಮ್ಸ್’ಗೆ ನಾಲ್ಕೇ ಪದ ಸಾಕಾಯಿತು: ‘ಮೆನ್ ವಾಕ್ ಆನ್ ಮೂನ್’. ಮಾತಿನಲ್ಲಿ ಯಾವ ಇಂಗ್ಲಿಷಿನವನೂ ‘ಆನ್ ಮೂನ್’ ಎನ್ನುವುದಿಲ್ಲ, ‘ಆನ್ ದಿ ಮೂನ್’ ಎನ್ನುತ್ತಾನೆ. ಪೇಪರಿನಲ್ಲಿ ಮಾತ್ರ ಅದು ಸರಿ.

1935ರಲ್ಲಿ ಹೈನ್ರಿಶ್ ಸ್ಟ್ರೌಮನ್ ಎಂಬ ವಿದ್ವಾಂಸ ಪತ್ರಿಕೆಗಳ ಹೆಡ್ಡಿಂಗುಗಳ ಮೇಲೆಯೇ ಒಂದು ಪುಸ್ತಕ ಬರೆದು, ಇದನ್ನು ‘ಬ್ಲಾಕ್ ಲ್ಯಾಂಗ್ವೇಜ್’ ಎಂದು ಕರೆದ. ಇಟ್ಟಿಗೆ ಜೋಡಿಸಿದಂಥ ಭಾಷೆ. ನಡುವೆ ಗಾರೆ ಇರುವುದಿಲ್ಲ, ಓದುವವನೇ ಮನಸ್ಸಿನಲ್ಲಿ ಗಾರೆ ಹಾಕಿಕೊಳ್ಳಬೇಕು.

ಹಳ್ಳಿಯವರ ಬಗ್ಗೆ ಬರೆದ ಒಂದು ಹೆಡ್ಡಿಂಗು

ಜಾಗ ಉಳಿಸುವ ಇನ್ನೊಂದು ದಾರಿ ಚಿಕ್ಕ ಪದ ಹುಡುಕುವುದು. ತನಿಖೆಗೆ ‘ಪ್ರೋಬ್’, ಬಂಧನಕ್ಕೆ ‘ನ್ಯಾಬ್’, ಏರಿಕೆಗೆ ‘ಹೈಕ್’, ಜಗಳಕ್ಕೆ ‘ರೋ’, ರಾಜೀನಾಮೆಗೆ ‘ಕ್ವಿಟ್’. ಇವನ್ನು ಇಂಗ್ಲಿಷಿನವರು ಮನೆಯಲ್ಲಿ ಅಷ್ಟಾಗಿ ಆಡುವುದಿಲ್ಲ, ಪೇಪರಿನಲ್ಲೇ ಹೆಚ್ಚು.

ಇದರ ತುತ್ತತುದಿ ಎನ್ನಬಹುದಾದ ಹೆಡ್ಡಿಂಗು ಬಂದದ್ದು 1935ರ ಜುಲೈ 17ರಂದು, ಅಮೆರಿಕದ ಸಿನಿಮಾ ವ್ಯಾಪಾರದ ಪತ್ರಿಕೆ ‘ವೆರೈಟಿ’ಯಲ್ಲಿ: ‘ಸ್ಟಿಕ್ಸ್ ನಿಕ್ಸ್ ಹಿಕ್ ಪಿಕ್ಸ್’. ನಾಲ್ಕು ಪದ, ನಾಲ್ಕೂ ಒಂದೇ ಪ್ರಾಸ. ‘ಸ್ಟಿಕ್ಸ್’ ಅಂದರೆ ಹಳ್ಳಿಗಾಡು. ‘ನಿಕ್ಸ್’ ಅಂದರೆ ಬೇಡ ಎನ್ನುವುದು. ‘ಹಿಕ್’ ಅಂದರೆ ಹಳ್ಳಿ ಗಮಾರ. ‘ಪಿಕ್ಸ್’ ಅಂದರೆ ಪಿಕ್ಚರು. ಹಳ್ಳಿಯ ಜನ ತಮ್ಮನ್ನು ಗಮಾರರಂತೆ ತೋರಿಸುವ ಸಿನಿಮಾ ನೋಡುವುದಿಲ್ಲ ಎಂಬುದು ಸುದ್ದಿ. ಆ ಹೆಡ್ಡಿಂಗು ಎಷ್ಟು ಹೆಸರಾಯಿತೆಂದರೆ, 1942ರ ‘ಯಾಂಕೀ ಡೂಡಲ್ ಡ್ಯಾಂಡಿ’ ಸಿನಿಮಾದಲ್ಲಿ ಅದರ ಅರ್ಥ ಬಿಡಿಸಿ ಹೇಳುವ ದೃಶ್ಯವೇ ಇದೆ.

ನಮಗೆ ಇದನ್ನು ಓದಿದಾಗ ನಗು ಬಂತು, ಆಮೇಲೆ ಸ್ವಲ್ಪ ಚುಚ್ಚಿತು. ಹಳ್ಳಿಯವರು ತಮ್ಮನ್ನು ಗಮಾರರೆಂದು ತೋರಿಸುವ ಚಿತ್ರ ಬೇಡ ಎಂದರು. ಆ ಸುದ್ದಿಯ ಹೆಡ್ಡಿಂಗಿನಲ್ಲೇ ಅವರನ್ನು ಗಮಾರರೆಂದು ಕರೆದಿದ್ದರು.

ಬಿಡಬಾರದ ಪದ ಬಿಟ್ಟಾಗ

ಈಗ ಮುಖ್ಯ ವಿಷಯಕ್ಕೆ ಬರೋಣ. ‘ದಿ’ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಬೇರೆ ಕೆಲವು ಪದ ಬಿಟ್ಟರೆ ಮನೆ ಮುರಿಯುತ್ತದೆ.

ಟೈಟಾನಿಕ್‌ಗೇ ಮರಳಿ ಹೋಗೋಣ. 1912ರ ಏಪ್ರಿಲ್ 15ರಂದು ನ್ಯೂಯಾರ್ಕಿನ ‘ಈವ್‌ನಿಂಗ್ ಸನ್’ ಪತ್ರಿಕೆಯ ಹೆಡ್ಡಿಂಗು ಹೀಗಿತ್ತು: ‘ಆಲ್ ಸೇವ್ಡ್ ಫ್ರಮ್ ಟೈಟಾನಿಕ್ ಆಫ್ಟರ್ ಕೊಲಿಷನ್’. ಟೈಟಾನಿಕ್‌ನಲ್ಲಿದ್ದ ಎಲ್ಲರೂ ಪಾರು. ವಾಸ್ತವದಲ್ಲಿ ಸುಮಾರು 1,500 ಜನ ಆಗಲೇ ನೀರುಪಾಲಾಗಿದ್ದರು. ಗಾಳಿಯಲ್ಲಿ ಬಂದ ಅರೆಬರೆ ವೈರ್‌ಲೆಸ್ ಸಂದೇಶಗಳನ್ನು ನಂಬಿ ಅಚ್ಚು ಹಾಕಿದ್ದರು. ‘ಎಂದು ಹೇಳಲಾಗಿದೆ’ ಎಂಬ ಮಾತು ಆ ಹೆಡ್ಡಿಂಗಿನಲ್ಲಿ ಇರಲಿಲ್ಲ.

ಮರುದಿನದ ‘ನ್ಯೂಯಾರ್ಕ್ ಟೈಮ್ಸ್’ ಹೆಡ್ಡಿಂಗನ್ನು ಇನ್ನೊಮ್ಮೆ ನೋಡಿ. ಅದರ ಮುಂದಿನ ಭಾಗ: ‘ಪ್ರಾಬಬ್ಲಿ 1250 ಪೆರಿಷ್’. ಮುಂದೆ ಒಬ್ಬ ಶ್ರೀಮಂತ ಹೆಂಗಸಿನ ಹೆಸರು, ಜೊತೆಗೆ ‘ಮೇಬಿ’ ಎಂಬ ಪದ. ‘ದಿ’ ಇಲ್ಲ, ‘ಆ್ಯನ್’ ಇಲ್ಲ, ‘ವರ್’ ಇಲ್ಲ. ಆದರೆ ‘ಪ್ರಾಬಬ್ಲಿ’ ಇದೆ, ‘ಮೇಬಿ’ ಇದೆ. ‘ಪ್ರಾಬಬ್ಲಿ’ ಇಂಗ್ಲಿಷಿನಲ್ಲಿ ಎಂಟು ಅಕ್ಷರ. ಅಕ್ಷರಕ್ಕೆ ಅಷ್ಟೊಂದು ಬರ ಇದ್ದ ಕಡೆ ಎಂಟು ಅಕ್ಷರ ಕೊಟ್ಟು ‘ಬಹುಶಃ’ ಎಂದು ಹಾಕಿದವನಿಗೆ ಕೆಲಸ ಗೊತ್ತಿತ್ತು. ಅವರ ಸಂಖ್ಯೆಯೂ ನಿಖರವಾಗಿರಲಿಲ್ಲ. ಆದರೆ ತಮಗೆ ಖಾತ್ರಿಯಿಲ್ಲ ಎಂಬುದನ್ನು ಹೆಡ್ಡಿಂಗಿನಲ್ಲೇ ಒಪ್ಪಿಕೊಂಡಿದ್ದರು. ನಮ್ಮ ತರಗತಿಯಲ್ಲಿ ಕಲಿತ ಪಾಠಗಳಿಗಿಂತ ಈ ಒಂದು ಪದ ನಮಗೆ ಹೆಚ್ಚು ಕಲಿಸಿತು.

1948ರಲ್ಲಿ ಚಿಕಾಗೋದ ‘ಟ್ರಿಬ್ಯೂನ್’ ಎಡವಿತು. ಅಧ್ಯಕ್ಷ ಚುನಾವಣೆಯ ಮರುದಿನ, ನವೆಂಬರ್ 3ರ ಪತ್ರಿಕೆಯಲ್ಲಿ ‘ಡ್ಯೂಯಿ ಡಿಫೀಟ್ಸ್ ಟ್ರೂಮನ್’ ಎಂದು ಅಚ್ಚಾಯಿತು. ಮುದ್ರಣ ಕೆಲಸಗಾರರ ಮುಷ್ಕರ ನಡೆಯುತ್ತಿದ್ದುದರಿಂದ ಎಂದಿಗಿಂತ ಬೇಗ ಅಚ್ಚಿಗೆ ಹೋಗಬೇಕಿತ್ತು, ಎಣಿಕೆ ಮುಗಿದಿರಲಿಲ್ಲ. ಗೆದ್ದದ್ದು ಟ್ರೂಮನ್. ಆ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಅವರ ಫೋಟೊ ಇವತ್ತಿಗೂ ಓಡಾಡುತ್ತದೆ. ವರ್ತಮಾನ ಕಾಲದ ಅಪಾಯ ಇದೇ. ‘ಸೋಲಿಸುತ್ತಾರೆ’ ಎಂದಾಗ ಆಗಿದೆಯೋ, ಆಗುತ್ತಿದೆಯೋ, ಆಗಬಹುದೋ, ಎಲ್ಲ ಒಂದರೊಳಗೊಂದು ಸೇರಿಹೋಗುತ್ತವೆ.

ಹಾಗಾದರೆ ಎಲ್ಲ ಪದ ಹಾಕಿ ಬರೆದರೆ ಸತ್ಯ ಬರುತ್ತದೆಯೇ? ಅದೂ ಇಲ್ಲ. 1898ರ ಫೆಬ್ರವರಿ 15ರಂದು ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಎಂಬ ಯುದ್ಧನೌಕೆ ಸ್ಫೋಟಗೊಂಡು ಸುಮಾರು 260 ನಾವಿಕರು ಸತ್ತರು. ಹರ್ಸ್ಟ್ ಅವರ ‘ನ್ಯೂಯಾರ್ಕ್ ಜರ್ನಲ್’ ಪುಟದ ಅಗಲಕ್ಕೂ ಹಾಕಿದ ಹೆಡ್ಡಿಂಗು ವ್ಯಾಕರಣದ ಪ್ರಕಾರ ಪೂರ್ತಿ ವಾಕ್ಯ: ‘ಡಿಸ್ಟ್ರಕ್ಷನ್ ಆಫ್ ದಿ ವಾರ್ ಶಿಪ್ ಮೇನ್ ವಾಸ್ ದಿ ವರ್ಕ್ ಆಫ್ ಆ್ಯನ್ ಎನಿಮಿ’. ‘ದಿ’ ಇದೆ, ‘ವಾಸ್’ ಇದೆ, ‘ಆ್ಯನ್’ ಕೂಡ ಇದೆ. ಇಲ್ಲದ್ದು ಪುರಾವೆ. ಅವರ ಪೈಪೋಟಿಯ ‘ವರ್ಲ್ಡ್’ ಪತ್ರಿಕೆ ‘ವಾಸ್’ ಬಿಟ್ಟು, ಬಾಂಬೋ ಟಾರ್ಪಿಡೋ ಎಂದು ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಹಾಕಿತ್ತು. ಅದೇ ವರ್ಷ ಅಮೆರಿಕ ಮತ್ತು ಸ್ಪೇನ್ ನಡುವೆ ಯುದ್ಧವಾಯಿತು. 1976ರಲ್ಲಿ ಅಮೆರಿಕದ ಅಡ್ಮಿರಲ್ ರಿಕೋವರ್ ನಡೆಸಿದ ಪರಿಶೀಲನೆ, ಹಡಗಿನೊಳಗಿನ ಕಲ್ಲಿದ್ದಲಿನ ಬೆಂಕಿಯೇ ಸ್ಫೋಟಕ್ಕೆ ಕಾರಣವಿರಬೇಕು ಎಂದಿತು.

ಎರಡು ಚುಕ್ಕಿಯೂ ಸುಳ್ಳು ಹೇಳಬಲ್ಲದು. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿ ಅಂಚಿಗೆ ಬಂದಿತ್ತು. ಕೇಂದ್ರದಿಂದ ನೆರವು ಕೊಡುವುದಿಲ್ಲ ಎಂದು ಅಧ್ಯಕ್ಷ ಫೋರ್ಡ್ ಭಾಷಣ ಮಾಡಿದರು. ಅಕ್ಟೋಬರ್ 30ರ ‘ಡೇಲಿ ನ್ಯೂಸ್’ ಹೆಡ್ಡಿಂಗು: ‘ಫೋರ್ಡ್ ಟು ಸಿಟಿ: ಡ್ರಾಪ್ ಡೆಡ್’. ನಗರಕ್ಕೆ ಫೋರ್ಡ್ ಹೇಳಿದ್ದು: ಸತ್ತು ಬೀಳಿ. ಆ ಎರಡು ಪದಗಳನ್ನು ಫೋರ್ಡ್ ಆಡಿಯೇ ಇರಲಿಲ್ಲ.

ಗುಂಡು ಹೊಡೆದವರು ಯಾರು?

‘ವಾಸ್’, ‘ವರ್’ ಬಿಟ್ಟಾಗ ಅದರ ಹಿಂದೆಯೇ ಇನ್ನೊಬ್ಬರು ಜಾರಿಕೊಳ್ಳುತ್ತಾರೆ. ಅದು ಕೆಲಸ ಮಾಡಿದವರು.

1975ರ ಜೂನ್‌ನಲ್ಲಿ ಆಫ್ರಿಕಾದ ರೊಡೇಷಿಯಾದಲ್ಲಿ, ಅಂದರೆ ಇವತ್ತಿನ ಜಿಂಬಾಬ್ವೆಯಲ್ಲಿ, ಪೊಲೀಸರು ಗುಂಡು ಹಾರಿಸಿ 11 ಕಪ್ಪುಜನ ಸತ್ತರು. ಆಗ ಅಲ್ಲಿ ಬಿಳಿಯರದೇ ಸರ್ಕಾರ. ಲಂಡನ್ನಿನ ‘ಗಾರ್ಡಿಯನ್’ ಬರೆದದ್ದು: ‘ಪೊಲೀಸ್ ಶೂಟ್ 11 ಡೆಡ್ ಇನ್ ಸಾಲ್ಸ್‌ಬರಿ ರಯಟ್’. ಪೊಲೀಸರು 11 ಜನರನ್ನು ಗುಂಡಿಕ್ಕಿ ಕೊಂದರು. ‘ದಿ ಟೈಮ್ಸ್’ ಬರೆದದ್ದು: ‘ರಯಟಿಂಗ್ ಬ್ಲ್ಯಾಕ್ಸ್ ಶಾಟ್ ಡೆಡ್ ಬೈ ಪೊಲೀಸ್’, ಆ ಹೊತ್ತಿಗೆ ನಾಯಕರ ಸಭೆ ನಡೆದಿತ್ತು ಎಂಬ ಬಾಲದೊಂದಿಗೆ. ಗಲಭೆಕೋರ ಕರಿಯರು ಪೊಲೀಸರ ಗುಂಡಿಗೆ ಬಲಿ.

ಎರಡರಲ್ಲೂ ಸುಳ್ಳಿಲ್ಲ. ಆದರೆ ಒಂದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಪೊಲೀಸರು, ಇನ್ನೊಂದರಲ್ಲಿ ಗಲಭೆ ಮಾಡಿದ ಕರಿಯರು. ಎರಡನೆಯದರಲ್ಲಿ ಪೊಲೀಸರು ಹಿಂದೆ ಸರಿದು ನಿಂತಿದ್ದಾರೆ. ಜಾಗ ಸಾಲದಿದ್ದರೆ ‘ಬೈ ಪೊಲೀಸ್’ ಎಂಬ ಎರಡು ಪದ ತೆಗೆದರೂ ವಾಕ್ಯಕ್ಕೆ ಏನೂ ಆಗುವುದಿಲ್ಲ. ಮೊದಲನೆಯದರಲ್ಲಿ ಪೊಲೀಸರನ್ನು ತೆಗೆದರೆ ವಾಕ್ಯವೇ ಬಿದ್ದುಹೋಗುತ್ತದೆ. ಟೋನಿ ಟ್ರೂ ಎಂಬ ಭಾಷಾತಜ್ಞ ಈ ಎರಡು ಹೆಡ್ಡಿಂಗುಗಳನ್ನು ಎದುರುಬದುರು ಇಟ್ಟು ಮಾಡಿದ ವಿಶ್ಲೇಷಣೆಯನ್ನು ಪತ್ರಿಕೋದ್ಯಮದ ತರಗತಿಗಳಲ್ಲಿ ಈಗಲೂ ಪಾಠ ಮಾಡುತ್ತಾರೆ.

ಪದ ಬಿಟ್ಟು ನಗೆಪಾಟಲಾಗುವುದೂ ಉಂಟು. 2009ರಲ್ಲಿ ಜಪಾನಿನ ಒಂದು ಇಂಗ್ಲಿಷ್ ಸುದ್ದಿತಾಣದಲ್ಲಿ ‘ವಯೊಲಿನಿಸ್ಟ್ ಲಿಂಕ್ಡ್ ಟು ಜೆಎಎಲ್ ಕ್ರ್ಯಾಶ್ ಬ್ಲಾಸಮ್ಸ್’ ಎಂದು ಬಂತು. 1985ರ ವಿಮಾನ ಅಪಘಾತದಲ್ಲಿ ತಂದೆಯನ್ನು ಕಳೆದುಕೊಂಡ ಪಿಟೀಲು ವಾದಕಿಯೊಬ್ಬಳು ಈಗ ಕಲೆಯಲ್ಲಿ ಅರಳುತ್ತಿದ್ದಾಳೆ ಎಂಬುದು ಸುದ್ದಿ. ಓದಿದವರು ಮಾತ್ರ ‘ಕ್ರ್ಯಾಶ್ ಬ್ಲಾಸಮ್ಸ್’ ಅಂದರೆ ಯಾವ ಜಾತಿಯ ಹೂವು ಎಂದು ತಲೆ ಕೆರೆದುಕೊಂಡರು. ಹೀಗೆ ದಾರಿ ತಪ್ಪಿಸುವ ಹೆಡ್ಡಿಂಗುಗಳಿಗೆ ಇಂಗ್ಲಿಷಿನಲ್ಲಿ ಈಗ ‘ಕ್ರ್ಯಾಶ್ ಬ್ಲಾಸಮ್’ ಎಂದೇ ಹೆಸರು.

ನಮ್ಮ ಕನ್ನಡದಲ್ಲಿ

ಕನ್ನಡದಲ್ಲಿ ‘ದಿ’ ಇಲ್ಲ, ‘ಎ’ ಇಲ್ಲ. ‘ಅವರು ನಮ್ಮ ಮೇಷ್ಟ್ರು’ ಎನ್ನುವಾಗ ‘ಈಸ್’ನಂಥ ಪದವೂ ಬೇಕಿಲ್ಲ. ಇಂಗ್ಲಿಷಿನವರು ಕಷ್ಟಪಟ್ಟು ಬಿಡುವುದು ನಮ್ಮಲ್ಲಿ ಹುಟ್ಟಿನಿಂದಲೇ ಇಲ್ಲ. ಹಾಗಾದರೆ ನಾವು ಏನು ಬಿಡುತ್ತೇವೆ? ಕ್ರಿಯಾಪದವನ್ನೇ ಬಿಡುತ್ತೇವೆ.

‘ಮುಖ್ಯಮಂತ್ರಿ ನಾಳೆ ದೆಹಲಿಗೆ’. ಹೋಗುತ್ತಾರೆ ಎಂಬುದನ್ನು ‘ಗೆ’ ಒಂದೇ ಹೇಳಿಬಿಡುತ್ತದೆ. ‘ಬಸ್ ಪಲ್ಟಿ: ಮೂವರ ಸಾವು’. ಸತ್ತರು ಎನ್ನುವ ಕ್ರಿಯೆ ‘ಸಾವು’ ಎಂಬ ನಾಮಪದವಾಗಿ ಕೂತಿದೆ. ವಿಭಕ್ತಿ ನಮ್ಮ ಕೈ ಹಿಡಿಯುವುದರಿಂದ ಇದು ಓಡುತ್ತದೆ. ಆದರೆ ಕ್ರಿಯಾಪದದ ಜೊತೆಗೆ ಕಾಲವೂ ಹೋಗುತ್ತದೆ, ಮಾಡಿದವರೂ ಹೋಗುತ್ತಾರೆ. ‘ಗೋಲಿಬಾರ್: ಇಬ್ಬರ ಸಾವು’ ಎಂದಾಗ ಬಂದೂಕು ತಾನಾಗಿಯೇ ಸಿಡಿದ ಹಾಗೆ ಕೇಳುತ್ತದೆ.

ದೊಡ್ಡಪ್ಪನ ಸಾಲದ ವಿಷಯವನ್ನೇ ಕನ್ನಡದಲ್ಲಿ ಬರೆದು ನೋಡಿ. ‘ರೈತರ ಸಾಲ ಮನ್ನಾ’. ಆಯಿತೋ, ಆಗುತ್ತದೋ? ಇಂಗ್ಲಿಷಿನಲ್ಲಿ ಕನಿಷ್ಠ ಒಂದು ‘ಟು’ ಇತ್ತು, ನಮ್ಮಲ್ಲಿ ಅದೂ ಇಲ್ಲ. ಇಲ್ಲಿ ಕೊನೆಯ ಪದವೇ ಪ್ರಾಣ. ‘ಸಾಲ ಮನ್ನಾ ಭರವಸೆ’ ಅಂದರೆ ಯಾರೋ ಭಾಷಣದಲ್ಲಿ ಹೇಳಿದ್ದಾರೆ. ‘ಸಾಲ ಮನ್ನಾ ಘೋಷಣೆ’ ಅಂದರೆ ಸರ್ಕಾರ ಹೇಳಿದೆ, ಕಾಗದ ಇನ್ನೂ ಹೊರಟಿಲ್ಲ. ‘ಸಾಲ ಮನ್ನಾ ಆದೇಶ’ ಅಂದರೆ ಕಾಗದ ಹೊರಟಿದೆ, ಯಾರಿಗೆ ಎಷ್ಟು ಎಂದು ಒಳಗೆ ಓದಬೇಕು. ಸೊಸೈಟಿಯ ಕಿಟಕಿಯಲ್ಲಿ ಈ ಮೂರಕ್ಕೂ ಬೇರೆಬೇರೆ ಉತ್ತರ ಸಿಗುತ್ತದೆ. ‘ಆರೋಪ’, ‘ಶಂಕೆ’, ‘ಸಾಧ್ಯತೆ’ ಎಂಬ ಪದಗಳೂ ಹೀಗೆಯೇ. ‘ಹಣ ದುರ್ಬಳಕೆ’ ಮತ್ತು ‘ಹಣ ದುರ್ಬಳಕೆ ಆರೋಪ’ ನಡುವೆ ಒಬ್ಬ ಮನುಷ್ಯನ ಮಾನ ನಿಂತಿರುತ್ತದೆ.

ಜಾಗ ಇದ್ದರೂ

ಈಗ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಕಾಲಮ್ಮಿನ ಪಟ್ಟಿ ಇಲ್ಲ, ಮೊಳೆ ಇಲ್ಲ, ಪದಕ್ಕೆ ದುಡ್ಡಿಲ್ಲ. ಹಾಗಾಗಿ ಅಂತರ್ಜಾಲದ ಹೆಡ್ಡಿಂಗುಗಳು ಉದ್ದವಾಗುತ್ತಿವೆ, ಪೂರ್ತಿ ವಾಕ್ಯವೇ ಬರುತ್ತಿದೆ. ಆದರೂ ಪದ ಬಿಡುವುದು ನಿಂತಿಲ್ಲ. ಮೊದಲು ಜಾಗವಿಲ್ಲದೆ ‘ದಿ’ ಬಿಡುತ್ತಿದ್ದರು. ಈಗ ಬೇಕೆಂದೇ ಮುಖ್ಯ ಪದವನ್ನು ಬಿಡುತ್ತಾರೆ: ‘ರೈತರಿಗೆ ಭರ್ಜರಿ ಸುದ್ದಿ, ಇಂದೇ ಈ ಕೆಲಸ ಮಾಡಿ’. ಯಾವ ಸುದ್ದಿ, ಯಾವ ಕೆಲಸ? ಒತ್ತಿ ನೋಡಲಿ ಎಂದೇ ಬಿಟ್ಟದ್ದು ಅದು. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಬರುವುದು ಹೆಡ್ಡಿಂಗಿನ ಫೋಟೊ ಮಾತ್ರ. ಸುದ್ದಿಯೂ ಇಲ್ಲ, ತಾರೀಖೂ ಇಲ್ಲ. ನಾಲ್ಕು ವರ್ಷದ ಹಿಂದಿನ ಮನ್ನಾ ಇವತ್ತಿನದಾಗಿ ಊರೆಲ್ಲ ಸುತ್ತುತ್ತದೆ.

ಅದಕ್ಕೇ ನಾವೀಗ ನಮ್ಮ ಮನೆಯವರಿಗೆ ಪೇಪರ್ ಓದಿ ಹೇಳುವಾಗ ಹೆಡ್ಡಿಂಗನ್ನು ಬಾಯಲ್ಲಿ ಪೂರ್ತಿ ವಾಕ್ಯ ಮಾಡಿಯೇ ಹೇಳುತ್ತೇವೆ. ಯಾರು ಮಾಡಿದ್ದು, ಆಗಿದೆಯೋ ಆಗಲಿದೆಯೋ, ಯಾರು ಹೇಳಿದ್ದು, ಯಾವತ್ತಿನದು. ಈ ನಾಲ್ಕರಲ್ಲಿ ಒಂದಕ್ಕೆ ಹೆಡ್ಡಿಂಗಿನಲ್ಲಿ ಉತ್ತರ ಸಿಗದಿದ್ದರೆ ಕೆಳಗಿನ ಸಣ್ಣ ಅಕ್ಷರಕ್ಕೆ ಹೋಗುತ್ತೇವೆ. ಅಲ್ಲೂ ಸಿಗದಿದ್ದರೆ ‘ಗೊತ್ತಿಲ್ಲ’ ಎನ್ನುತ್ತೇವೆ. ನಾವು ಬರೆಯುವ ಹೆಡ್ಡಿಂಗಿಗೂ ಇದೇ ಲೆಕ್ಕ ಇಟ್ಟುಕೊಂಡಿದ್ದೇವೆ. ತಪ್ಪಿದಾಗ ನೀವು ತಿದ್ದಿದ್ದೀರಿ, ಮುಂದೆಯೂ ತಿದ್ದಿ.

ದೊಡ್ಡಪ್ಪ ಈಗಲೂ ಪೇಪರ್ ತರುತ್ತಾರೆ. ಮೊನ್ನೆ ನಮ್ಮವನು ಊರಿಗೆ ಹೋದಾಗ ಒಂದು ಇಂಗ್ಲಿಷ್ ಪೇಪರ್ ಮುಂದಿಟ್ಟು, ಹೆಡ್ಡಿಂಗಿನ ಮೇಲೆ ಬೆರಳಿಟ್ಟು ಕೇಳಿದರಂತೆ: “ಇದರಾಗೆ ‘ಟು’ ಐತೇನೋ, ನೋಡಿ ಹೇಳು.”